‘ಸಲಾಯಿನ್ ಹಚ್ರಿ’ ಎಂದವರಿಗೆ ನಮ್ಮ ವಿದ್ಯಾರ್ಥಿಗಳು ಏನು ಹೇಳುತ್ತಾರೆ?

ಬಳ್ಳಾರಿಯಲ್ಲಿ ನಾನು ಆರೋಗ್ಯ ವಿಜ್ಞಾನದ ವಿದ್ಯಾರ್ಥಿಗಳಿಗೆ ಫಿಸಿಯಾಲಜಿ ಪಾಠ ಮಾಡುತ್ತೇನೆ. ಒಂದು ದಿನ ಪಾಠ ನಿಲ್ಲಿಸಿ ಅವರಿಗೊಂದು ಕೆಲಸ ಕೊಟ್ಟೆ. ಸಿರುಗುಪ್ಪದ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದಾಳೆ ಅಂದುಕೊಳ್ಳಿ. ಭತ್ತದ ನಾಟಿಗೆ ಹೋಗುವವಳು. ಎರಡು ದಿನದಿಂದ ಕೈಕಾಲು ಸೋತು ಬಿದ್ದಿವೆ ಅನ್ನುತ್ತಾಳೆ. ಜ್ವರ ಇಲ್ಲ, ವಾಂತಿ ಇಲ್ಲ, ಭೇದಿ ಇಲ್ಲ. ಬಿಪಿ ಸರಿಯಾಗಿದೆ. ‘ಒಂದ್ ಬಾಟ್ಲಿ ಸಲಾಯಿನ್ ಹಚ್ರಿ, ಆರಾಮ ಆಗ್ತೈತಿ’ ಅಂತ ಕೇಳುತ್ತಿದ್ದಾಳೆ. ಅದು ಬೇಡ ಅನ್ನುವುದನ್ನು ಅವಳ ಮನಸ್ಸಿಗೆ ಒಪ್ಪುವ ಹಾಗೆ ಹೇಳಬೇಕು. ಐದು ನಿಮಿಷ ಸಮಯ.

ಆ ಹೆಣ್ಣುಮಗಳ ಜಾಗದಲ್ಲಿ ಕೂರಲು ನಮ್ಮ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವ ಅಮ್ಮನನ್ನು ಕರೆದಿದ್ದೆ. ಅವರೂ ಮೊದಲು ಗದ್ದೆ ಕೆಲಸಕ್ಕೆ ಹೋಗುತ್ತಿದ್ದವರೇ.

ಮೊದಲ ಹುಡುಗ ಚುರುಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಾನೆ. ‘ಇದು ಐಸೋಟಾನಿಕ್ ದ್ರಾವಣ ಅಮ್ಮ. ನಿಮಗೆ ಡಿಹೈಡ್ರೇಶನ್ ಆಗಿಲ್ಲ. ಹಾಗಾಗಿ ಇಂಡಿಕೇಶನ್ ಇಲ್ಲ’ ಅಂದ. ಅಮ್ಮ ಸ್ವಲ್ಪ ಹೊತ್ತು ಅವನ ಮುಖ ನೋಡಿ, ‘ಅಂದ್ರ ಗ್ಲೂಕೋಸ್ ಹಚ್ತೀರೇನು?’ ಅಂದರು. ಎರಡನೆಯವಳು ಸ್ವಲ್ಪ ಗಟ್ಟಿ ದನಿಯವಳು. ಸುಮ್ನೆ ದುಡ್ಡು ಹಾಳು ಮಾಡ್ತೀರಿ, ಇದೆಲ್ಲ ಮೂಢನಂಬಿಕೆ ಅಂತ ಹೇಳಿ ಕೂತಳು. ನಿಮಗೇನು ತಿಳಿಯಿತು ಅಂತ ಅಮ್ಮನನ್ನು ಕೇಳಿದೆ. ‘ಬೈದ್ರು ಅಂತ ತಿಳೀತು. ಯಾಕ ಅಂತ ತಿಳೀಲಿಲ್ಲ’ ಅಂದರು.

ಇಬ್ಬರಿಗೂ ವಿಷಯ ಗೊತ್ತಿತ್ತು. ಬಾಟಲಿಯಲ್ಲಿರುವುದು 0.9 ಶೇಕಡಾ ಉಪ್ಪಿನ ನೀರು ಅಂತ ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಹಾಗಾದರೆ ಅರ್ಧ ಲೀಟರ್ ಬಾಟಲಿಯಲ್ಲಿ ಎಷ್ಟು ಚಮಚ ಉಪ್ಪಿದೆ ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಲೆಕ್ಕ ಕಷ್ಟದ್ದಲ್ಲ. ನಾಲ್ಕೂವರೆ ಗ್ರಾಂ. ಒಂದು ಸಣ್ಣ ಚಮಚಕ್ಕೂ ಸ್ವಲ್ಪ ಕಡಿಮೆ. ಉಳಿದದ್ದೆಲ್ಲ ನೀರು. ಅದರಲ್ಲಿ ಶಕ್ತಿ ಅನ್ನುವುದು ಸೊನ್ನೆ. ಗ್ಲೂಕೋಸ್ ಬಾಟಲಿಯೇ ಆದರೂ, 5 ಶೇಕಡಾ ಅಂದರೆ ಅರ್ಧ ಲೀಟರಿಗೆ 25 ಗ್ರಾಂ ಸಕ್ಕರೆ. ಹೆಚ್ಚೆಂದರೆ ನೂರು ಕ್ಯಾಲೊರಿ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 170ರ ಹತ್ತಿರ ಇರುತ್ತದೆ. ಈ ಲೆಕ್ಕ ಬೋರ್ಡಿನ ಮೇಲೆ ಬಂದಾಗ ವಿದ್ಯಾರ್ಥಿಗಳ ಮುಖದಲ್ಲಿ ಆಶ್ಚರ್ಯ ಕಂಡಿತು. ಮೂರು ವರ್ಷದಿಂದ ಓದಿದ ವಿಷಯ ಅದು. ಆದರೆ ಅದನ್ನು ರೊಟ್ಟಿಯ ಪಕ್ಕ ಇಟ್ಟು ನೋಡಿರಲಿಲ್ಲ.

ಆವತ್ತಿನಿಂದ ನನಗೆ ಒಂದು ಮಾತು ಗಟ್ಟಿಯಾಗಿದೆ. ನಮ್ಮ ಕಾಲೇಜುಗಳಲ್ಲಿ ವಿಜ್ಞಾನವನ್ನು ಜನರಿಗೆ ತಿಳಿಸುವುದು ಒಂದು ವಿಷಯ, ಯೋಚಿಸಿ ಪ್ರಶ್ನಿಸುವುದು ಇನ್ನೊಂದು ವಿಷಯ ಅಂತ ಬೇರೆ ಬೇರೆ ಇಟ್ಟಿದ್ದೇವೆ. ಮೊದಲನೆಯದು ನಯವಾಗಿ ಮಾತಾಡುವ ಕಲೆ ಅನ್ನುವ ಹಾಗೆ, ಎರಡನೆಯದು ಸಂಶೋಧನೆ ಮಾಡುವವರಿಗೆ ಮಾತ್ರ ಅನ್ನುವ ಹಾಗೆ. ನನ್ನ ಪ್ರಕಾರ ಎರಡೂ ಒಂದೇ. ರೊಟ್ಟಿ ಬಡಿಯುವ ಅಮ್ಮನಿಗೆ ಹೇಳಲು ಬರದಿದ್ದರೆ ನಮಗೇ ಅದು ಪೂರ್ತಿ ತಿಳಿದಿಲ್ಲ. ಹೇಳಿದ್ದು ಸರಿ ಹೋಯಿತೋ ಇಲ್ಲವೋ ಅಂತ ನೋಡಬೇಕಾದದ್ದು ಹೇಳಿದವರ ಬಾಯಲ್ಲಿ ಅಲ್ಲ, ಕೇಳಿದವರ ತಲೆಯಲ್ಲಿ. ನಮ್ಮ ಪರೀಕ್ಷೆಗಳು ಅಲ್ಲಿಗೆ ಹೋಗುವುದೇ ಇಲ್ಲ.

ಕಾಗದದ ಮೇಲೆ ನೋಡಿದರೆ ಕೆಲಸ ಶುರುವಾಗಿದೆ. 2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂತು. ಅದರಲ್ಲಿ ನಡವಳಿಕೆ, ನೀತಿ, ಸಂವಹನ ಮೂರನ್ನೂ ಸೇರಿಸಿ ‘ಎಟ್‌ಕಾಮ್’ ಅನ್ನುವ ಪಾಠಗಳಿವೆ. ಕಾಲೇಜಿಗೆ ಕಾಲಿಟ್ಟ ಕೂಡಲೇ ನಡೆಯುವ ಆರಂಭದ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿಸಬೇಕು ಅಂತಿದೆ. ಆಮೇಲೆ ಕುಟುಂಬ ದತ್ತು ಕಾರ್ಯಕ್ರಮ ಬಂತು. ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ವಹಿಸಿಕೊಂಡು, ವರ್ಷಗಟ್ಟಲೆ ಅವರ ಆರೋಗ್ಯ ನೋಡುತ್ತಿರಬೇಕು. ಇದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ. ನಿಜವಾಗಿ ನಡೆದರೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಆದರೆ ನಾನು ಕಂಡ ಹಾಗೆ, ಎಟ್‌ಕಾಮ್ ತರಗತಿ ಅಂದರೆ ಹಲವು ಕಡೆ ಸ್ಲೈಡ್ ತೋರಿಸಿ, ಲಾಗ್‌ಬುಕ್‌ಗೆ ಸಹಿ ಹಾಕಿ ಮುಗಿಸುವ ಕೆಲಸ. ಹಳ್ಳಿಗೆ ಹೋದಾಗಲೂ ಫಾರ್ಮ್ ತುಂಬುವುದೇ ಜಾಸ್ತಿ. ಎಷ್ಟು ಜನ ಇದ್ದೀರಿ, ಶೌಚಾಲಯ ಇದೆಯಾ, ಸಕ್ಕರೆ ಕಾಯಿಲೆ ಇದೆಯಾ. ವಿದ್ಯಾರ್ಥಿ ಕೇಳುತ್ತಾನೆ, ಮನೆಯವರು ಉತ್ತರ ಕೊಡುತ್ತಾರೆ. ಮನೆಯವರು ಕೇಳಿ, ವಿದ್ಯಾರ್ಥಿ ಉತ್ತರ ಕೊಡುವ ಜಾಗ ಆ ಫಾರ್ಮಿನಲ್ಲಿ ಇಲ್ಲ.

ಇನ್ನು ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಾಲಜಿ ಓದುವವರ ಮಾತು ಬೇರೆ. ಅವರಿಗೆ ಇಷ್ಟೂ ಸಿಗುವುದು ಕಷ್ಟ. ಆದರೆ ಆಸ್ಪತ್ರೆಯಲ್ಲಿ ಜನ ನಿಜವಾಗಿ ಪ್ರಶ್ನೆ ಕೇಳುವುದು ಯಾರನ್ನು? ಡಾಕ್ಟರ್ ಮುಂದೆ ತಲೆ ಆಡಿಸಿ ಹೊರಗೆ ಬರುತ್ತಾರೆ. ಔಷಧಿ ಕೊಡುವ ಕಿಟಕಿಯಲ್ಲಿ, ರಕ್ತ ತೆಗೆಯುವ ಟೇಬಲ್ಲಿನಲ್ಲಿ ಕೇಳುತ್ತಾರೆ. ‘ಡಾಕ್ಟ್ರು ಏನ್ ಅಂದ್ರು, ನೀವರೆ ಹೇಳ್ರಿ.’ ಅಲ್ಲಿ ನಿಂತಿರುವ ಇಪ್ಪತ್ತೆರಡು ವರ್ಷದ ಹುಡುಗಿಯೇ ಆ ಕುಟುಂಬಕ್ಕೆ ವಿಜ್ಞಾನದ ಮುಖ.

ಭಾಷೆಯ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಅನುಕೂಲ ಇದೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಈ ಭಾಗದ ಮಕ್ಕಳಿಗೆ ಸೀಟುಗಳಲ್ಲಿ ಪಾಲು ಸಿಕ್ಕಿದೆ. ಲಿಂಗಸುಗೂರು, ಕುಷ್ಟಗಿ, ಸಂಡೂರಿನ ಹುಡುಗ ಹುಡುಗಿಯರು ಬಿಳಿ ಕೋಟು ಹಾಕುತ್ತಿದ್ದಾರೆ. ಮನೆಯಲ್ಲಿ ಅವರು ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತಾಡುವವರು. ಅಜ್ಜಿಯ ಮಾತು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಕಾಲೇಜಿಗೆ ಬಂದು ಒಂದು ವರ್ಷವಾಗುವಷ್ಟರಲ್ಲಿ ತಲೆಯಲ್ಲಿ ಎರಡು ಕೋಣೆ ಆಗಿಬಿಡುತ್ತವೆ. ಒಂದರಲ್ಲಿ ಇಂಗ್ಲಿಷಿನ ವಿಜ್ಞಾನ, ಇನ್ನೊಂದರಲ್ಲಿ ಮನೆಯ ಮಾತು. ನಡುವೆ ಬಾಗಿಲಿಲ್ಲ.

ಕನ್ನಡದಲ್ಲಿ ಪದಗಳಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಡಾ. ಡಿ. ಎಸ್. ಶಿವಪ್ಪ ಕನ್ನಡದಲ್ಲಿ ವೈದ್ಯಕೀಯ ನಿಘಂಟನ್ನೇ ಮಾಡಿಕೊಟ್ಟರು. ಡಾ. ಅನುಪಮಾ ನಿರಂಜನ ಹೆಣ್ಣುಮಕ್ಕಳಿಗೆ ಅವರದೇ ಮಾತಿನಲ್ಲಿ ದೇಹದ ವಿಷಯ ಬರೆದರು. ಆದರೆ ನಿಘಂಟಿನ ಪದವನ್ನು ಹಾಗೇ ಎತ್ತಿ ರೋಗಿಯ ಮುಂದೆ ಇಟ್ಟರೂ ಕೆಲಸ ಆಗುವುದಿಲ್ಲ. ಡಿಹೈಡ್ರೇಶನ್ ಬದಲು ‘ನಿರ್ಜಲೀಕರಣ’ ಅಂದರೆ ಅಮ್ಮನಿಗೆ ಏನು ಉಪಯೋಗ? ‘ಮೈಯಾಗ ನೀರು ಕಡಿಮಿ ಆಗೈತಿ’ ಅಂದರೆ ಸಾಕು. ಬಿಪಿ, ಶುಗರ್, ಸ್ಕ್ಯಾನಿಂಗ್ ಎಲ್ಲರಿಗೂ ಗೊತ್ತು, ಅವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ‘ಪಾಸಿಟಿವ್’ ಅನ್ನುವ ಪದ ತುಂಬ ತೊಂದರೆ ಕೊಡುತ್ತದೆ. ಒಳ್ಳೆಯ ಸುದ್ದಿ ಅಂದುಕೊಂಡು ಖುಷಿಯಾದವರನ್ನೂ ನೋಡಿದ್ದೇನೆ, ರೋಗ ಖಂಡಿತ ಅಂದುಕೊಂಡು ಅಲ್ಲೇ ಕುಸಿದವರನ್ನೂ ನೋಡಿದ್ದೇನೆ.

ಈ ಪಾಸಿಟಿವ್ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಯಾಕೆಂದರೆ ಇಲ್ಲಿ ಭಾಷೆಗಿಂತ ಯೋಚನೆಯದೇ ತೊಡಕು. 1978ರಲ್ಲಿ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ 60 ವೈದ್ಯರು ಮತ್ತು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೇಳಿದರು. ಸಾವಿರದಲ್ಲಿ ಒಬ್ಬರಿಗಿರುವ ರೋಗ. ಅದಕ್ಕೊಂದು ಟೆಸ್ಟ್. ರೋಗ ಇಲ್ಲದವರಲ್ಲೂ ನೂರಕ್ಕೆ ಐದು ಜನರಿಗೆ ಅದು ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಬೇರೇನೂ ಗೊತ್ತಿಲ್ಲದ ಒಬ್ಬರಿಗೆ ಪಾಸಿಟಿವ್ ಬಂದರೆ ನಿಜವಾಗಿ ರೋಗ ಇರುವ ಸಾಧ್ಯತೆ ಎಷ್ಟು? ಸುಮಾರು ಅರ್ಧದಷ್ಟು ಜನ 95 ಶೇಕಡಾ ಅಂದರು. ಸರಿ ಉತ್ತರ ಸುಮಾರು 2 ಶೇಕಡಾ. ಅದನ್ನು ಹೇಳಿದವರು 60ರಲ್ಲಿ 11 ಜನ ಮಾತ್ರ.

ನನ್ನ ತರಗತಿಯಲ್ಲಿ ಇದನ್ನು ಶೇಕಡಾ ಬಿಟ್ಟು ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ಸಾವಿರ ಜನರ ಒಂದು ಹಳ್ಳಿ. ಒಬ್ಬರಿಗೆ ರೋಗ ಇದೆ. 999 ಜನರಿಗೆ ಇಲ್ಲ. ಆ 999ರಲ್ಲಿ ನೂರಕ್ಕೆ ಐದರಂತೆ ಸುಮಾರು 50 ಜನರಿಗೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಒಟ್ಟು 51 ಜನ ಪಾಸಿಟಿವ್ ಚೀಟಿ ಹಿಡಿದು ಗುಡಿ ಕಟ್ಟೆಯ ಮೇಲೆ ಕೂತಿದ್ದಾರೆ. ಅವರಲ್ಲಿ ನಿಜವಾದ ರೋಗಿ ಒಬ್ಬರು. ಹೀಗೆ ಹೇಳಿದರೆ ಪಿಯುಸಿ ಓದುವ ಹುಡುಗನಿಗೂ ತಿಳಿಯುತ್ತದೆ ಅಲ್ವಾ? ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗರೆಂಜರ್ ಅವರು ಬಹಳ ವರ್ಷಗಳಿಂದ ವೈದ್ಯರಿಗೆ ಕಲಿಸುತ್ತಿರುವುದೂ ಇದನ್ನೇ. ಶೇಕಡಾ ಬಿಡಿ, ತಲೆ ಎಣಿಸಿ.

ಎಚ್‌ಐವಿ ತಪಾಸಣೆಯಲ್ಲಿ ಮೊದಲ ಟೆಸ್ಟ್ ಪಾಸಿಟಿವ್ ಬಂದ ಕೂಡಲೇ ಯಾಕೆ ಹೇಳುವುದಿಲ್ಲ, ಯಾಕೆ ಬೇರೆ ಬೇರೆ ಬಗೆಯ ಮೂರು ಟೆಸ್ಟ್ ಮಾಡುತ್ತಾರೆ ಅನ್ನುವುದಕ್ಕೂ ಇದೇ ಕಾರಣ. ಲ್ಯಾಬ್ ಟೆಕ್ನಾಲಜಿ ವಿದ್ಯಾರ್ಥಿಗಳು ಆ ನಿಯಮವನ್ನು ಬಾಯಿಪಾಠ ಮಾಡಿರುತ್ತಾರೆ. ಕಟ್ಟೆಯ ಮೇಲಿನ 51 ಜನರನ್ನು ಕಂಡ ಮೇಲೆ ಅದು ಅವರಿಗೆ ನಿಯಮ ಅನ್ನಿಸುವುದಿಲ್ಲ. ರೋಗಿಗೆ ಧೈರ್ಯ ಹೇಳಲೂ ಬರುತ್ತದೆ. ಆ ಧೈರ್ಯ ಸುಳ್ಳೂ ಅಲ್ಲ.

ಈಗ ಕಾಮಣಿಗೆ ಬರೆ ಹಾಕುವ ವಿಷಯಕ್ಕೆ ಬರುತ್ತೇನೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಇದು ಇನ್ನೂ ಇದೆ. ಹಸುಗೂಸಿನ ಮೈ ಹಳದಿಯಾದರೆ, ದೊಡ್ಡವರ ಕಣ್ಣು ಹಳದಿಯಾದರೆ ಬರೆ ಹಾಕಿಸುತ್ತಾರೆ. ವಿದ್ಯಾರ್ಥಿಗಳನ್ನು ಕೇಳಿದರೆ ಒಂದೇ ಉತ್ತರ: ಮೂಢನಂಬಿಕೆ. ನಾನು ಅವರನ್ನು ಅಲ್ಲಿಗೆ ಬಿಡುವುದಿಲ್ಲ. ನಿಮ್ಮ ಅಜ್ಜಿ ದಡ್ಡರಾ? ಅವರು ಕಣ್ಣಾರೆ ನೋಡಿದ್ದಾರೆ. ಬರೆ ಹಾಕಿದರು, ಕಾಮಣಿ ಇಳಿಯಿತು. ಇದಕ್ಕೆ ನೀವು ಏನು ಹೇಳುತ್ತೀರಿ?

ಅಲ್ಲಿಂದ ನಿಜವಾದ ಪಾಠ ಶುರುವಾಗುತ್ತದೆ. ಹೆಪಟೈಟಿಸ್ ಎ ಅನ್ನುವ ಲಿವರ್ ಸೋಂಕಿನಿಂದ ಬರುವ ಕಾಮಣಿ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಸುಗೂಸುಗಳಲ್ಲಿ ಎರಡು ಮೂರನೇ ದಿನ ಕಾಣುವ ಸಾಮಾನ್ಯ ಹಳದಿ ಒಂದೆರಡು ವಾರದಲ್ಲಿ ಹೋಗುತ್ತದೆ. ಬರೆ ಹಾಕಿದರೂ ಹೋಗುತ್ತದೆ, ಹಾಕದಿದ್ದರೂ ಹೋಗುತ್ತದೆ. ಅಜ್ಜಿ ನೋಡಿದ್ದು ಸುಳ್ಳಲ್ಲ. ಅವರು ನೋಡಿದ್ದು ಒಂದೇ ಗುಂಪನ್ನು. ಬರೆ ಹಾಕಿಸಿಕೊಂಡು ವಾಸಿಯಾದವರು ಮನೆ ಮನೆಗೆ ಹೇಳುತ್ತಾರೆ. ಹಾಕಿಸಿಕೊಳ್ಳದೆ ವಾಸಿಯಾದವರಿಗೆ ಹೇಳಲು ಕತೆಯೇ ಇಲ್ಲ. ಹಾಕಿಸಿಕೊಂಡೂ ತೀರಿಹೋದ ಮಗುವಿನ ವಿಷಯ ತಾಯಿ ಯಾರ ಮುಂದೆಯೂ ಎತ್ತುವುದಿಲ್ಲ. ಹಣೆಬರಹ ಅಂದುಕೊಂಡು ಸುಮ್ಮನಾಗುತ್ತಾಳೆ. ಬರೆ ಹಾಕಿ ವಾಸಿಯಾದವರು, ಹಾಕದೆ ವಾಸಿಯಾದವರು, ಹಾಕಿಯೂ ಉಳಿಯದವರು, ಹಾಕದೆ ಉಳಿಯದವರು. ಈ ನಾಲ್ಕು ಚೌಕದ ಲೆಕ್ಕದಲ್ಲಿ ಮೂರು ಚೌಕ ಖಾಲಿ. ಬೋರ್ಡಿನ ಮೇಲೆ ಅವನ್ನು ಬರೆದು ತೋರಿಸಿದಾಗ ತರಗತಿ ಸುಮ್ಮನಾಗುತ್ತದೆ. ತಮ್ಮದೇ ಮೈಮೇಲೆ ಬರೆಯ ಗುರುತಿರುವ ಮಕ್ಕಳೂ ಅಲ್ಲಿ ಕೂತಿರಬಹುದು. ಅವರ ಮುಂದೆ ‘ಮೂಢರು’ ಅನ್ನುವ ಪದ ಬಳಸಲು ನನಗೆ ಮನಸ್ಸು ಬರುವುದಿಲ್ಲ.

ಆಮೇಲೆ ಹೇಳಬೇಕಾದ ಮುಖ್ಯ ಮಾತು ಉಳಿದಿರುತ್ತದೆ. ಕೆಲವು ಹಳದಿ ತಾನಾಗಿ ಹೋಗುವುದಿಲ್ಲ. ಹುಟ್ಟಿದ 24 ಗಂಟೆಯ ಒಳಗೇ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಹಾಲು ಕುಡಿಯದೆ ಮಂಕಾದರೆ ಆಸ್ಪತ್ರೆಗೆ ಓಡಬೇಕು. ತಡವಾದರೆ ಮಿದುಳಿಗೇ ಪೆಟ್ಟು ಬೀಳುತ್ತದೆ. ಹಳದಿ ಇಳಿಸುವ ಆಸ್ಪತ್ರೆಯ ನೀಲಿ ದೀಪದಲ್ಲಿ ಉಳಿಯಬಹುದಾದ ಮಗು ಬರೆ ಹಾಕಿಸಲು ಹೋದ ಎರಡು ದಿನದಲ್ಲಿ ಕೈ ತಪ್ಪುತ್ತದೆ. ತಾಯಿಗೆ ಬೇಕಾದದ್ದು ಈ ಮೂರು ಗುರುತು. ಬೈಗುಳ ಅಲ್ಲ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಿ ನೋಡಲು ಒಂದು ಸಮಿತಿ ಮಾಡಿದ್ದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಅಂತ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷ. ನರಸಿಂಹಯ್ಯನವರ ಆ ಕೆಲಸದಲ್ಲಿ ನನಗೆ ಇಷ್ಟವಾಗುವುದು ‘ಪರೀಕ್ಷಿಸಿ ನೋಡೋಣ’ ಅನ್ನುವ ಭಾಗ. ಮೊದಲೇ ತೀರ್ಪು ಕೊಟ್ಟು ಕೂತರೆ ಅದು ಇನ್ನೊಂದು ಬಗೆಯ ನಂಬಿಕೆ ಆಗಿಬಿಡುತ್ತದೆ.

ಫ್ಲೋರೈಡ್ ಬಗ್ಗೆ ಎರಡು ಮಾತು. ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಅದು ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು. ಹಲ್ಲು ಕಂದಾದ ನಲವತ್ತು ವರ್ಷದವರಿಗೆ ಒಬ್ಬ ವಿದ್ಯಾರ್ಥಿ ‘ಶುದ್ಧ ನೀರಿನ ಘಟಕದ ನೀರು ಕುಡೀರಿ, ಹಲ್ಲು ಸರಿ ಹೋಗುತ್ತೆ’ ಅಂದುಬಿಟ್ಟಿದ್ದ. ಹೋಗುವುದಿಲ್ಲ. ಹಲ್ಲಿನ ಮೇಲ್ಪದರ ಚಿಕ್ಕವರಿದ್ದಾಗಲೇ ಕಟ್ಟಿ ಮುಗಿದಿರುತ್ತದೆ. ಆ ನೀರು ಅವರ ಎಲುಬಿಗೆ ಬೇಕು, ಮನೆಯ ಸಣ್ಣ ಮಕ್ಕಳ ಹಲ್ಲಿಗೆ ಬೇಕು. ಹುಸಿ ಆಸೆ ಹುಟ್ಟಿಸಿದರೆ ಆರು ತಿಂಗಳಲ್ಲಿ ಅವರು ಆ ನೀರು ಬಿಟ್ಟು ಹಳೆಯ ಬೋರ್‌ವೆಲ್‌ಗೆ ಹೋಗುತ್ತಾರೆ.

ಈಗ ಹೇಳಲು ಕಷ್ಟವಾದ ವಿಷಯ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಆರೋಗ್ಯ ಕೆಟ್ಟಿತು. ಕೆಲವೇ ವಾರಗಳಲ್ಲಿ ಐವರು ತಾಯಂದಿರು ತೀರಿಕೊಂಡರು. ಅವರಿಗೆ ಡ್ರಿಪ್‌ನಲ್ಲಿ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ಅನ್ನುವ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು. ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು. ಊರಿಗೆ ಊರೇ ನಡುಗಿತು. ನಿನ್ನೆಯವರೆಗೆ ಸಲಾಯಿನ್ ಹಚ್ರಿ ಅಂತಿದ್ದವರು, ಹಚ್ಚಲೇಬೇಕಾದಾಗಲೂ ಬೇಡ ಬೇಡ ಅಂತ ಕೈ ಎಳೆದುಕೊಳ್ಳುವ ದಿನಗಳು ಬಂದವು. ಜನರಿಗೆ ರಿಂಗರ್ ಲ್ಯಾಕ್ಟೇಟ್ ಬೇರೆ, ಉಪ್ಪಿನ ನೀರಿನ ನಾರ್ಮಲ್ ಸಲೈನ್ ಬೇರೆ ಅಲ್ಲ. ನೇತು ಹಾಕಿದ ಬಾಟಲಿ ಅಂದರೆ ಎಲ್ಲವೂ ಸಲಾಯಿನ್ನೇ.

ನಮ್ಮ ವಿದ್ಯಾರ್ಥಿಗಳನ್ನು ಅವರ ಮನೆಯವರು, ಬಸ್ಸಿನಲ್ಲಿ ಪಕ್ಕ ಕೂತವರು ಕೇಳತೊಡಗಿದರು. ‘ಸಲಾಯಿನ್ನಿಂದಲೇ ಸತ್ರಂತ, ಹೌದೇನು?’ ಕೆಲವರು ಹೌದು ಅಂದರು. ಕೆಲವರು ಎಲ್ಲ ಗಾಳಿಸುದ್ದಿ ಅಂದರು. ಎರಡೂ ತಪ್ಪು. ಆಗ ಗೊತ್ತಿದ್ದದ್ದು ಅನುಮಾನ ಮಾತ್ರ. ಅನುಮಾನಕ್ಕೂ ಸಾಬೀತಿಗೂ ನಡುವೆ ಒಂದು ದಾರಿ ಇದೆ. ಆ ದಾರಿಯಲ್ಲಿ ನಡೆಯುವುದನ್ನು ನಾವು ಅವರಿಗೆ ಕಲಿಸಿರಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಕೊನೆಗೆ ತರಗತಿಯಲ್ಲಿ ಕೂತು ಪ್ರಶ್ನೆಗಳ ಪಟ್ಟಿ ಮಾಡಿದೆವು. ತೊಂದರೆಯಾದ ಎಲ್ಲರಿಗೂ ಒಂದೇ ಬ್ಯಾಚಿನ ದ್ರಾವಣ ಹೋಗಿತ್ತಾ? ಅದೇ ಬ್ಯಾಚಿನದು ಪಡೆದೂ ಆರಾಮವಾಗಿ ಮನೆಗೆ ಹೋದವರು ಎಷ್ಟು? ಬೇರೆ ಬ್ಯಾಚಿನದು ಪಡೆದವರ ಸ್ಥಿತಿ ಏನು? ಅದೇ ದಿನ ಅದೇ ಆಪರೇಷನ್ ಥಿಯೇಟರಿನಲ್ಲಿ ಬೇರೆ ಯಾವ ಔಷಧಿ, ಯಾವ ಉಪಕರಣ ಎಲ್ಲರಿಗೂ ಸಾಮಾನ್ಯವಾಗಿತ್ತು? ಉಳಿದ ಬಾಟಲಿಗಳನ್ನು ಯಾರು, ಎಲ್ಲಿ ಪರೀಕ್ಷೆ ಮಾಡಬೇಕು? ಕಾಮಣಿಯ ನಾಲ್ಕು ಚೌಕವೇ ಇಲ್ಲೂ ಬಂತು. ಇವು ತನಿಖೆ ಮಾಡುವವರ ಪ್ರಶ್ನೆಗಳು. ಆದರೆ ಇವನ್ನು ಕೇಳಲು ಗೊತ್ತಿದ್ದ ವಿದ್ಯಾರ್ಥಿ ಬಸ್ಸಿನಲ್ಲಿ ಕೊಡುವ ಉತ್ತರವೇ ಬೇರೆ ಆಗುತ್ತದೆ.

ಅವರೇ ಕೂತು ಬರೆದ ಉತ್ತರ ಹೀಗಿತ್ತು. ‘ತಾಯಂದಿರು ಸತ್ತಿದ್ದು ನಿಜ. ಒಂದು ಕಂಪನಿಯ ಬಾಟಲಿ ಮೇಲೆ ಅನುಮಾನ ಐತಿ, ಅದನ್ನು ನಿಲ್ಲಿಸ್ಯಾರ. ಅದರಿಂದಲೇ ಅಂತ ಹೇಳಾಕ ಪರೀಕ್ಷೆ ಆಗಬೇಕು. ಭೇದಿ ಆಗಿ ಸುಸ್ತಾದವರಿಗೆ, ರಕ್ತ ಹೋದವರಿಗೆ ಡ್ರಿಪ್ ಬೇಕೇ ಬೇಕು, ಅಂಜಬ್ಯಾಡ್ರಿ. ಯಾವ ಬಾಟಲಿ, ತಾರೀಖು ಯಾವುದು ಅಂತ ನೀವೂ ಕೇಳ್ರಿ. ಕೇಳೋದು ನಿಮ್ಮ ಹಕ್ಕು.’ ಐದಾರು ಸಾಲು. ಇದರಲ್ಲಿ ಸುಳ್ಳಿಲ್ಲ, ಸಮಾಧಾನದ ಸೋಗಿಲ್ಲ, ಸತ್ತವರನ್ನು ಮರೆತ ತಣ್ಣನೆಯ ಮಾತಿಲ್ಲ. ಗೊತ್ತಿರುವುದು, ಗೊತ್ತಿಲ್ಲದ್ದು, ಮಾಡಬೇಕಾದದ್ದು ಮೂರೂ ಇದೆ. ಇದನ್ನು ಬರೆಯಲು ಅವರಿಗೆ ಎರಡು ತಾಸು ಹಿಡಿಯಿತು. ನಾನು ಕಳೆದ ಅತ್ಯಂತ ಒಳ್ಳೆಯ ಹೊತ್ತುಗಳಲ್ಲಿ ಅದೂ ಒಂದು.

ಇದನ್ನೆಲ್ಲ ಕಲಿಸಲು ಆಗುತ್ತದಾ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಆಗುತ್ತದೆ ಅನ್ನುವುದಕ್ಕೆ ಉಗಾಂಡಾ ದೇಶದ ಒಂದು ಅಧ್ಯಯನ ಸಾಕ್ಷಿ. ಅಲ್ಲಿ 120 ಶಾಲೆಗಳ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಹತ್ತರಿಂದ ಹನ್ನೆರಡು ವರ್ಷದ ಮಕ್ಕಳು. ಅರ್ಧ ಶಾಲೆಗಳಲ್ಲಿ ಚಿತ್ರಕತೆಯ ಪುಸ್ತಕ ಇಟ್ಟುಕೊಂಡು, ‘ಈ ಔಷಧಿಯಿಂದ ವಾಸಿಯಾಗುತ್ತೆ’ ಅನ್ನುವ ಮಾತನ್ನು ಹೇಗೆ ತೂಗಿ ನೋಡಬೇಕು ಅಂತ ಕಲಿಸಿದರು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಲಿತ ಶಾಲೆಗಳಲ್ಲಿ 69 ಶೇಕಡಾ ಮಕ್ಕಳು ಪರೀಕ್ಷೆ ಪಾಸಾದರು. ಕಲಿಯದ ಶಾಲೆಗಳಲ್ಲಿ 27 ಶೇಕಡಾ. ಕಡಿಮೆ ಸೌಲಭ್ಯದ ಶಾಲೆಗಳು, ತುಂಬಿದ ತರಗತಿಗಳು. ಐದನೇ ಕ್ಲಾಸಿನ ಮಕ್ಕಳಿಗೆ ಆಗಿದ್ದು ನಮ್ಮ ಪದವಿ ವಿದ್ಯಾರ್ಥಿಗಳಿಗೆ ಆಗುವುದಿಲ್ಲವಾ?

ಇನ್ನೊಂದು ಕತೆ ನಮ್ಮ ನೆರೆಯ ಬಾಂಗ್ಲಾದೇಶದ್ದು. ಇದು ನನಗೆ ಬಹಳ ಹತ್ತಿರದ್ದು. 1971ರ ಯುದ್ಧದ ಸಮಯ. ಅಲ್ಲಿಂದ ಗಡಿ ದಾಟಿ ಬಂದವರಿದ್ದ, ನಮ್ಮ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ಡ್ರಿಪ್ ಬಾಟಲಿಗಳು ಮುಗಿದವು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಮೂವತ್ತು ಶೇಕಡಾ ಹತ್ತಿರವಿದ್ದ ಸಾವು ನಾಲ್ಕು ಶೇಕಡಾಕ್ಕಿಂತ ಕೆಳಗೆ ಬಂತು. ಇವತ್ತು ನಮ್ಮ ಆಶಾ ಕಾರ್ಯಕರ್ತೆಯರ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಡ್ರಮ್ಮುಗಳಿವೆ.

ಮುಂದೆ 1980ರಲ್ಲಿ ಬ್ರಾಕ್ ಅನ್ನುವ ಸಂಸ್ಥೆ ಬಾಂಗ್ಲಾದೇಶದ ಮನೆ ಮನೆಗೂ ಇದನ್ನು ಕಲಿಸಲು ಹೊರಟಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅಳತೆಯ ನೀರು. ಹತ್ತು ವರ್ಷದಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳನ್ನು ಮುಟ್ಟಿದರು. ಅವರು ಸಂಬಳ ಕೊಟ್ಟ ರೀತಿ ನೋಡಿ. ಕಾರ್ಯಕರ್ತೆ ಎಷ್ಟು ಮನೆಗೆ ಹೋದಳು ಅಂತ ಎಣಿಸಲಿಲ್ಲ. ಕೆಲವು ದಿನಗಳ ನಂತರ ಬೇರೊಬ್ಬರು ಹೋಗಿ, ಆರಿಸಿದ ಕೆಲವು ಮನೆಗಳಲ್ಲಿ ತಾಯಿಗೆ ಎಷ್ಟು ನೆನಪಿದೆ ಅಂತ ಕೇಳುತ್ತಿದ್ದರು. ತಾಯಿಗೆ ನೆನಪಿದ್ದಷ್ಟು ಕಾರ್ಯಕರ್ತೆಗೆ ದುಡ್ಡು. ಅಂಕ ಕೊಡುವವರು ಕೇಳಿದವರು.

ಅಷ್ಟಾದರೂ ಮೊದಮೊದಲು ಜನ ಅದನ್ನು ಬಳಸಲಿಲ್ಲ. ಯಾಕೆ ಅಂತ ಹುಡುಕಿದಾಗ, ಕಲಿಸಲು ಹೋದ ಕೆಲಸಗಾರರಿಗೇ ನಂಬಿಕೆ ಇರಲಿಲ್ಲ ಅಂತ ಗೊತ್ತಾಯಿತು. ತಮಗೆ ಭೇದಿಯಾದರೆ ಅವರು ಗುಳಿಗೆ ನುಂಗುತ್ತಿದ್ದರು. ಆಮೇಲೆ ಅವರನ್ನು ಕೂರಿಸಿ, ಇದು ಮೈಯೊಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಸಿದರು. ಬಳಕೆ ಏರಿತು. ತಾನೇ ಯೋಚಿಸಿ ಒಪ್ಪದ ಮಾತನ್ನು ಇನ್ನೊಬ್ಬರಿಗೆ ಒಪ್ಪಿಸಲು ಆಗಲಿಲ್ಲ. ಜನರಿಗೆ ತಿಳಿಸುವುದು, ಯೋಚಿಸಿ ಪ್ರಶ್ನಿಸುವುದು ಎರಡೂ ಒಂದೇ ಅಂತ ನಾನು ಅಂದೆನಲ್ಲ, ಇದನ್ನೂ ನೋಡಿಯೇ.

ಹಾಗಾದರೆ ನಮ್ಮ ಕಾಲೇಜುಗಳಲ್ಲಿ ಏನು ಮಾಡಬಹುದು? ಹೊಸ ಕಟ್ಟಡ, ಹೊಸ ಕೋರ್ಸ್ ಬೇಕಿಲ್ಲ. ದತ್ತು ಕುಟುಂಬದ ಭೇಟಿ ಹೇಗೂ ಇದೆ. ಒಂದು ಭೇಟಿಯಲ್ಲಿ ವಿದ್ಯಾರ್ಥಿ ಒಂದೇ ವಿಷಯ ಹೇಳಲಿ. ಬಿಪಿ ಗುಳಿಗೆ ಯಾಕೆ ನಿಲ್ಲಿಸಬಾರದು ಅನ್ನುವುದೋ, ಮಗುವಿನ ಹಳದಿಯ ಮೂರು ಗುರುತೋ. ಮುಂದಿನ ಭೇಟಿಗೆ ಬೇರೆ ವಿದ್ಯಾರ್ಥಿ ಆ ಮನೆಗೆ ಹೋಗಿ, ‘ಹೋದ ಸಲ ಬಂದವರು ಏನು ಹೇಳಿದ್ರು?’ ಅಂತ ಕೇಳಲಿ. ಮನೆಯವರು ಹೇಳಿದಷ್ಟೇ ಮೊದಲಿನವರ ಅಂಕ. ಮನೆಯವರು ಕೇಳಿದ ಪ್ರಶ್ನೆಗಳನ್ನೂ ಬರೆದು ತರಲಿ. ಉತ್ತರ ಗೊತ್ತಿಲ್ಲದ ಪ್ರಶ್ನೆ ತಂದವರಿಗೆ ಇನ್ನೊಂದು ಅಂಕ ಜಾಸ್ತಿ ಕೊಡಬೇಕು ಅಂತ ನನ್ನಾಸೆ. ವಾರ್ಡಿನಲ್ಲೂ ಇಷ್ಟೇ. ಹೇಳಿದ ಮೇಲೆ ‘ತಿಳೀತಾ?’ ಅಂತ ಕೇಳಬಾರದು. ಎಲ್ಲರೂ ಹೂಂ ಅನ್ನುತ್ತಾರೆ. ‘ಮನೆಗೆ ಹೋಗಿ ಸೊಸೆಗೆ ಹೇಗೆ ಹೇಳ್ತೀರಿ, ನನಗೊಂದ್ಸಲ ಹೇಳಿ ತೋರಿಸ್ರಿ’ ಅನ್ನಬೇಕು.

ತೊಡಕುಗಳು ನನಗೆ ಗೊತ್ತಿಲ್ಲದೆ ಇಲ್ಲ. ಶಿಕ್ಷಕರು ಕಡಿಮೆ, ವಿದ್ಯಾರ್ಥಿಗಳು ಜಾಸ್ತಿ, ಸಿಲಬಸ್ ಮುಗಿಯುವುದೇ ಇಲ್ಲ. ಪ್ರಶ್ನಿಸುವುದನ್ನು ಕಲಿತ ವಿದ್ಯಾರ್ಥಿ ನಾಳೆ ನಮ್ಮನ್ನೂ ಪ್ರಶ್ನಿಸುತ್ತಾನೆ ಅನ್ನುವ ಅಳುಕು ಕೆಲವರಿಗಿದೆ. ಒಂದು ಕಾಲೇಜಿನಲ್ಲಿ, ಹಿರಿಯರು ಬರೆದ ಆಂಟಿಬಯೋಟಿಕ್ ಯಾಕೆ ಅಂತ ಕೇಳಿದ ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಿ ಗದರಿಸಿದ್ದನ್ನು ನೋಡಿದ್ದೇನೆ. ಆ ಹುಡುಗಿ ಆಮೇಲೆ ಏನೂ ಕೇಳಲಿಲ್ಲ. ಅವಳು ನಾಳೆ ತನ್ನ ರೋಗಿಯ ಪ್ರಶ್ನೆಗೆ ಹೇಗೆ ಉತ್ತರ ಕೊಡುತ್ತಾಳೆ ಅಂತ ಯೋಚಿಸಿದರೆ ಸಂಕಟವಾಗುತ್ತದೆ.

ಕ್ಯಾಂಟೀನಿನ ಅಮ್ಮನನ್ನು ಎರಡು ವಾರ ಬಿಟ್ಟು ಮತ್ತೆ ಕರೆದೆ. ಈ ಸಲ ಮಸ್ಕಿಯ ಕಡೆಯ ಒಬ್ಬ ಹುಡುಗಿ ಎದ್ದು ಬಂದಳು. ಒಂದು ಖಾಲಿ ಬಾಟಲಿ, ಸ್ವಲ್ಪ ಉಪ್ಪು, ಅಮ್ಮನೇ ಮಾಡಿದ ಒಂದು ರೊಟ್ಟಿ ಮೇಜಿನ ಮೇಲಿಟ್ಟಳು. ‘ಈ ಬಾಟ್ಲಿಯಾಗ ಇಷ್ಟು ಉಪ್ಪು ಐತಿ ಅಮ್ಮ, ಮತ್ತ ನೀರು. ಭೇದಿ ಆಗಿ ಮೈಯಾಗಿನ ನೀರು ಹೋಗಿತ್ತಂದ್ರ, ಬಾಯಿಲೆ ಕುಡಿಯಾಕ ಆಗದಂಗಿದ್ರ ಇದು ಜೀವ ಉಳಿಸ್ತೈತಿ. ನಿಮಗ ಹಂಗಾಗಿಲ್ಲ. ಶಕ್ತಿ ಬೇಕಂದ್ರ ಈ ಬಾಟ್ಲಿಯಾಗ ಇಲ್ಲ, ಈ ರೊಟ್ಟಿಯಾಗ ಐತಿ. ಬಿಸಲಾಗ ಬೆವರು ಹರಿಸಿ ಬಂದೀರಿ, ಉಪ್ಪು ಹಾಕಿದ ಮಜ್ಜಿಗಿ ಕುಡೀರಿ. ವಾರದಾಗ ಕಡಿಮಿ ಆಗಲಿಲ್ಲಂದ್ರ ಬರ್ರಿ, ರಕ್ತ ಕಡಿಮಿ ಐತೇನು ನೋಡೋಣ.’

ಅಮ್ಮ ಎಲ್ಲವನ್ನೂ ತಿರುಗಿ ಹೇಳಿ ತೋರಿಸಿದರು. ಒಂದೂ ತಪ್ಪಲಿಲ್ಲ. ತರಗತಿ ಚಪ್ಪಾಳೆ ತಟ್ಟಿತು. ಎದ್ದು ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು. ‘ಎಲ್ಲಾ ಖರೆ. ಆದ್ರ ನಾ ಗದ್ದಿಗೆ ಹೋಗ್ತಿದ್ದಾಗ ಮೂರ್ನಾಲ್ಕು ಸಲ ಹಚ್ಚಿಸ್ಕೊಂಡೀನಿ. ಪ್ರತಿ ಸಲಾನೂ ಆರಾಮ ಆಗೈತಿ. ಅದು ಯಾಕ?’

ಯಾರ ಬಳಿಯೂ ತಟ್ಟನೆ ಉತ್ತರ ಇರಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ನಿಧಾನವಾಗಿ, ‘ಹಚ್ಚಿದಾಗ ಎಷ್ಟು ಹೊತ್ತು ಮಲಗ್ತಿದ್ರಿ ಅಮ್ಮ?’ ಅಂದ. ಎರಡು ತಾಸು ಅಂದರು. ಫ್ಯಾನ್ ಇತ್ತಾ? ಇತ್ತು. ಪಕ್ಕದಲ್ಲಿ ಯಾರು ಕೂತಿರ್ತಿದ್ರು? ಗಂಡ. ಮನೆಗೆ ಹೋಗಿ ಅವತ್ತು ಅಡುಗೆ ಯಾರು ಮಾಡ್ತಿದ್ರು? ಅತ್ತೆ. ಮರುದಿನ ಗದ್ದೆಗೆ ಹೋಗ್ತಿದ್ರಾ? ಇಲ್ಲ.

ಮಸ್ಕಿಯ ಹುಡುಗಿ ಆಗಲೇ ಬೋರ್ಡಿನ ಮೇಲೆ ನಾಲ್ಕು ಚೌಕ ಬರೆಯುತ್ತಿದ್ದಳು. ಬಾಟಲಿ ಹಚ್ಚಿ ಮಲಗಿದವರು, ಬಾಟಲಿ ಇಲ್ಲದೆ ಮಲಗಿದವರು, ಬಾಟಲಿ ಹಚ್ಚಿಸಿಕೊಂಡು ಮತ್ತೆ ಕೆಲಸಕ್ಕೆ ಹೋದವರು, ಏನೂ ಇಲ್ಲದವರು. ಅಮ್ಮ ಒಳಗೆ ಬಂದು ಮೊದಲ ಬೆಂಚಿನಲ್ಲಿ ಕೂತರು. ಕ್ಯಾಂಟೀನಿನಲ್ಲಿ ಅವತ್ತು ರೊಟ್ಟಿ ಸ್ವಲ್ಪ ತಡವಾಯಿತು.